ಬಗರ್‌ಹುಕುಂ ಮೀಟಿಂಗ್ ಕರೀರಿ ಸಾರ್, ಗೋಪಾಲಗೌಡ್ರ ಫೋಟೋಗೆ ಹಾರ ಆಮೇಲೆ ಹಾಕುವ್ರಂತೆ

ಮಲೆನಾಡಿನ ಶಾಸಕರುಗಳಿಗೆ ನಮಸ್ಕಾರ,

ಮಾರ್ಚ್ 14, ಶಾಂತವೇರಿ ಗೋಪಾಲಗೌಡ್ರು ಹುಟ್ಟಿದ ದಿನ ಬಂತು ಅಂದ್ರೆ ಅವರ ಫೋಟೋ ಎಲ್ಲರ ಸ್ಟೇಟಸ್ಸಲ್ಲೂ ಬರುತ್ತೆ, ಆ ಪಾರ್ಟಿ ಈ ಪಾರ್ಟಿ ಅಂತಿಲ್ಲ. ಫ್ಲೆಕ್ಸಲ್ಲಿ ಗೌಡ್ರು ಮೂಲೇಲಿ ಸಣ್ಣಕ್ಕೆ, ನಡುವೆ ಕೈ ಮುಗ್ಕೊಂಡು ದೊಡ್ಡಕ್ಕೆ ನೀವು. ಇರ್ಲಿ ಬಿಡಿ. ಆದ್ರೆ 1972ರಲ್ಲೇ ತೀರ್ಕೊಂಡ ಆ ಸೋಷಲಿಸ್ಟ್ ಪಾರ್ಟಿ ಮನುಷ್ಯನ ಹೆಸರೆತ್ತಿದ್ರೆ ನಮ್ ಕಡೆ ವಯಸ್ಸಾದೋರು ಈಗ್ಲೂ ಕವಳ ಉಗುಳಿ ಬಂದು ಮಾತಿಗೆ ಕೂರ್ತಾರಲ್ಲ, ಯಾಕೆ ಅಂತ ಯೋಚ್ನೆ ಮಾಡಿದೀರಾ?

ಸಾಗರದ ಹತ್ರದ ಕಾಗೋಡು ಅನ್ನೋ ಊರಿನ ಗೇಣಿದಾರ್ರ ಹೋರಾಟ, ಮತ್ತೇನಲ್ಲ. ಗೇಣಿ ಭತ್ತ ಅಳೆಯೋಕೆ ಜಮೀನಿನ ಒಡೆಯರು ದೊಡ್ಡ ಕೊಳಗ ಇಡ್ತಿದ್ರು, ಇದು ಸರಿ ಅಲ್ಲ ಅಂದಿದ್ದಕ್ಕೆ ಗದ್ದೇನೇ ಬಿಡಿಸೋಕೆ ಹೊರಟ್ರು, 1951ರಲ್ಲಿ ರೈತ ಮುಖಂಡ ಗಣಪತಿಯಪ್ಪನೋರ ಜತೆ ಗೇಣಿದಾರ್ರು ಅದೇ ಗದ್ದೆಗಿಳಿದು ಜೈಲಿಗೆ ಹೋದ್ರು, ಗೋಪಾಲಗೌಡ್ರು ಪಾರ್ಟಿನೇ ತಂದು ಅವರ ಬೆನ್ನಿಗೆ ನಿಲ್ಸಿದ್ರು, ಸೋಷಲಿಸ್ಟ್ ನಾಯಕ ಲೋಹಿಯಾ ಅಷ್ಟು ದೂರದಿಂದ ಬಂದು ಅರೆಸ್ಟ್ ಆದ್ರು. ಮುಂದಿನ್ ವರ್ಷವೇ ಎಲೆಕ್ಷನ್, ಸಾಗರ-ಹೊಸನಗರದಲ್ಲಿ ಗೌಡ್ರು ಗೆದ್ರು. 'ಒಂದು ಓಟು ಒಂದು ನೋಟು' ಅಂತ ಜನರ ಹತ್ರ ಕೇಳ್ತಿದ್ರಂತೆ, ಓಟು ಹಾಕೋನೇ ದುಡ್ಡೂ ಕೊಡೋದು. ಈಗ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತೆ ಅಂತ ನಾನ್ ಹೇಳ್ಬೇಕಾ ಮಾರಾಯ್ರೆ.

ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳ್ತಾ ಬಂದೋರಿಗೆ ಅದನ್ನ ಸಕ್ರಮ ಮಾಡ್ಕೊಡೋ ಬಗರ್‌ಹುಕುಂ ಸಮಿತಿಗೆ ಅಧ್ಯಕ್ಷರು ನೀವೇ. ಅಪ್ಪ ಸಕ್ರಮದ ಅರ್ಜಿ ಫಾರಂ 50 ಹಾಕಿದ್ದ, ಮಗ 57 ಹಾಕಿದಾನೆ, ಜಮೀನು ಅದೇ, ಅಡಿಕೆ ಗಿಡ ಮರ ಆಗಿ ಫಸಲು ಬಂತು, ಹಕ್ಕುಪತ್ರ ಮಾತ್ರ ಬರ್ಲಿಲ್ಲ. ಕಾಡಂಚಿನೋರದ್ದಂತೂ ಕೇಳೋದೇ ಬೇಡ. 2006ರ ಅರಣ್ಯ ಹಕ್ಕು ಕಾಯ್ದೇಲಿ ಬುಡಕಟ್ಟಿಗೆ ಸೇರದೋರು ಮೂರು ತಲೆಮಾರು, ಅಂದ್ರೆ 75 ವರ್ಷದಿಂದ ಅಲ್ಲೇ ಇದ್ದಿದ್ದು ತೋರಿಸ್ಬೇಕು. ಕಾಗದ ಎಲ್ಲಿ ತರೋದು, ಸೋಗೆ ಮನೇಲಿ ಗೆದ್ದಲು ಬಿಟ್ಟಿದ್ದುಂಟಾ? ಊರಿನ ಹಿರಿಯರ ಹೇಳಿಕೆ ಬರ್ಕೊಂಡ್ರೂ ಅದು ಸಾಕ್ಷಿ ಅಂತ ರೂಲ್ಸಲ್ಲೇ ಇದೆ, ಆದ್ರೂ ಹಳೇ ದಾಖಲೆ ತನ್ನಿ ಅಂತ ವಾಪಸ್ ಕಳಿಸ್ತಾರೆ. ಅಧಿಕಾರಿಗಳಿಗೆ ಆ ರೂಲ್ಸ್ ಓದಿ ಹೇಳೋ ಕೆಲ್ಸ ನಿಮ್ದು, ನಾವ್ ಹೇಳಿದ್ರೆ ಕೇಳಲ್ಲ.

ಆ ಹಿರಿಯರಿಗೆ ಮಾತಾಡೋ ಶಕ್ತಿ ಇರೋವಾಗ್ಲೇ ಗ್ರಾಮಸಭೆ ಮಾಡ್ಸಿ. ಸಮಿತಿ ಮೀಟಿಂಗ್ ಡೇಟ್ ಪಂಚಾಯ್ತಿ ಬೋರ್ಡಿಗೆ ಹಚ್ಸಿ, ನಾವೇ ಕಾಗದ ಪತ್ರ ಹಿಡ್ಕೊಂಡು ಬರ್ತೀವಿ. ಶಾಮಿಯಾನ, ಊಟ, ಶಾಲು ಯಾವ್ದೂ ಬೇಡ.

ಇಂತಿ,
ಶರಾವತಿ ಸೀಮೆಯ ಒಬ್ಬ ಮತದಾರ