ಇಂಪೋರ್ಟ್ ‘ಯಶಸ್ವಿ’ ಎಂದು ತೋರಿಸಿ ಗ್ರಂಥಸೂಚಿ ಹಾಳು ಮಾಡಿದ್ದರ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಸ್ಪ್ರೆಡ್‌ಶೀಟ್ ನಿಮ್ಮ ಗ್ರಂಥಸೂಚಿ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡಿದಾಗ ನನ್ನ ನಮೂದುಗಳು ಕೆಟ್ಟು ಹೋಗಿರುವುದು

ಮಾನ್ಯರೇ,

ಕಳೆದ ಸೋಮವಾರ ನಮ್ಮ ಗೈಡ್ ನನ್ನ ಪ್ರಬಂಧದ ಮೊದಲ ಅಧ್ಯಾಯ ನೋಡುತ್ತಾ ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, ‘ಯಾರಮ್ಮಾ ಇದು, ಎ. ಚ. ಮೂರ್ತಿ?’ ಅಂದರು. ನನಗೂ ಗೊತ್ತಾಗಲಿಲ್ಲ. ಮನೆಗೆ ಬಂದು ಹಳೆಯ ಎಕ್ಸೆಲ್ ಶೀಟ್ ತೆಗೆದು ನೋಡಿದೆ. ಅದು ಕನ್ನಡದ ಹೆಸರಾಂತ ಸಂಶೋಧಕ ಎಂ. ಚಿದಾನಂದ ಮೂರ್ತಿ!

ನಾನು ಮೈಸೂರಿನಲ್ಲಿ ಶಾಸನಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಆರು ವರ್ಷದಿಂದ ಓದಿದ್ದನ್ನೆಲ್ಲ ಒಂದೇ ಶೀಟಿನಲ್ಲಿ ಬರೆದಿಟ್ಟುಕೊಂಡು ಬಂದಿದ್ದೇನೆ. ಒಟ್ಟು 1,846 ಸಾಲು. ಸ್ಪ್ರೆಡ್‌ಶೀಟನ್ನು ಒಂದೇ ಕ್ಲಿಕ್ಕಿನಲ್ಲಿ ಸೇರಿಸಬಹುದು ಎಂದು ನೀವು ಜಾಹೀರಾತಿನಲ್ಲಿ ಹೇಳಿದ್ದನ್ನು ನಂಬಿ ಇಡೀ ವರ್ಷದ ಚಂದಾ ಕಟ್ಟಿದೆ. ಸಿಎಸ್‌ವಿ ಫೈಲನ್ನು (ಶೀಟಿನದೇ ಸಾದಾ ಪಠ್ಯ ರೂಪ) ನೀವು ಹೇಳಿದ ಹಾಗೆ, ಕನ್ನಡ ಅಕ್ಷರ ಕೆಡದ ಯುಟಿಎಫ್-8ರಲ್ಲೇ ಸೇವ್ ಮಾಡಿ ಕೊಟ್ಟೆ. ಹಸಿರು ಟಿಕ್ ಬಂತು. ‘ಇಂಪೋರ್ಟ್ ಯಶಸ್ವಿ.’ ನಾನೂ ಖುಷಿಯಾಗಿ ಕಾಫಿ ಕುಡಿಯೋಕೆ ಎದ್ದು ಹೋದೆ.

ಆಮೇಲೆ ಒಂದೊಂದೇ ಹೊರಗೆ ಬಂತು.

ಮೊದಲನೆಯದು ಇನಿಶಿಯಲ್. ನಿಮ್ಮ ಸಾಫ್ಟ್‌ವೇರ್ ಲೇಖಕರ ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರು ಎಂದುಕೊಂಡು ಪೂರ್ತಿ ಇಡುತ್ತದೆ, ಉಳಿದದ್ದನ್ನು ಚಿಕ್ಕದು ಮಾಡುತ್ತದೆ. ನಮ್ಮಲ್ಲಿ ಹೆಸರಿನ ಹಿಂದೆ ಇರುವುದು ಊರಿನದ್ದೋ ತಂದೆಯದ್ದೋ ಅಕ್ಷರ, ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಅದು ಹೋಗಲಿ, ಹೇಗೋ ಹೊಂದಿಕೊಳ್ಳುತ್ತೇವೆ. ಆದರೆ ಚಿಕ್ಕದು ಮಾಡುವ ರೀತಿ ನೋಡಿ. ಕನ್ನಡದಲ್ಲಿ ‘ಚಿ’ ಒಂದು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುನಿಕೋಡಿನಲ್ಲಿ ಅದು ಎರಡು ಸಂಕೇತ, ‘ಚ’ ಒಂದು, ಗುಣಿತದ ಗುರುತು ಇನ್ನೊಂದು. ನಿಮ್ಮ ಸಾಫ್ಟ್‌ವೇರ್ ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ಗುಣಿತವನ್ನು ಎಸೆಯುತ್ತದೆ. ‘ಎಂ’ ಹೋಗಿ ‘ಎ’ ಆಗಿದ್ದೂ ಹೀಗೆಯೇ. ‘ಶ್ರೀ’ ಬರೆಯೋಕೆ ನಾಲ್ಕು ಸಂಕೇತ ಬೇಕು, ಹಾಗಾಗಿ ಶ್ರೀನಿವಾಸರೆಲ್ಲ ಬರೀ ‘ಶ.’ ಆಗಿ ಕೂತಿದ್ದಾರೆ. ಶಂಕರರೂ ‘ಶ.’ನೇ. ಈಗ ಯಾರು ಯಾರೋ!

ಎರಡನೆಯದು ತಾರೀಖು. ನಮ್ಮ ಪತ್ರಿಕೆಗಳು ಎಷ್ಟೋ ಸಲ ಎರಡು ಸಂಚಿಕೆ ಸೇರಿಸಿ ಒಂದಾಗಿ ತರುತ್ತವೆ. ‘3-4’ ಎಂದು ಬರೆದಿದ್ದೆ, ನಿಮ್ಮಲ್ಲಿ ಅದು ಏಪ್ರಿಲ್ 3 ಆಯಿತು. 9-12ನೇ ಪುಟಗಳು ಡಿಸೆಂಬರ್ 9 ಆದವು. ಸೆಲ್‌ಗಳನ್ನು ನಾನು ಟೆಕ್ಸ್ಟ್ ಎಂದೇ ಇಟ್ಟಿದ್ದೆ. ಸಿಎಸ್‌ವಿಯನ್ನು ನೋಟ್‌ಪ್ಯಾಡಿನಲ್ಲಿ ತೆಗೆದೂ ನೋಡಿದೆ, ಅಲ್ಲಿ 3-4 ಹಾಗೇ ಇದೆ. ಬದಲಾಗಿದ್ದು ನಿಮ್ಮ ಕೈಯಲ್ಲೇ. ಇದೇನೂ ಹೊಸ ಕಾಯಿಲೆಯಲ್ಲ. ಸ್ಪ್ರೆಡ್‌ಶೀಟಿನಲ್ಲಿ ತಾರೀಖಾಗಿಬಿಡುತ್ತವೆ ಎಂದು ‘ಮಾರ್ಚ್1’, ‘ಸೆಪ್ಟ್1’ ಥರದ ಜೀನ್‌ಗಳ ಹೆಸರನ್ನೇ ಬದಲಿಸಿದ ಸುದ್ದಿ 2020ರಲ್ಲಿ ಬಂದಿತ್ತು. ವಿಜ್ಞಾನಿಗಳು ಹೆಸರು ಬದಲಿಸಿಕೊಂಡರು, ಸರಿ. ನಾನು ಪುಟಸಂಖ್ಯೆ ಹೇಗೆ ಬದಲಿಸಲಿ?

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಮೂರನೆಯದಕ್ಕೆ. ನಿಮ್ಮ ಸಾಫ್ಟ್‌ವೇರಿನ ಲೈಬ್ರರಿಯಲ್ಲಿ ಎಣಿಸಿದರೆ 1,731 ನಮೂದು ಮಾತ್ರ ಇದ್ದವು. ಉಳಿದ 115 ಎಲ್ಲಿ ಅಂದರೆ, ಡೂಪ್ಲಿಕೇಟ್ ಎಂದು ನನ್ನನ್ನು ಕೇಳದೆಯೇ ಒಂದರೊಳಗೊಂದು ಸೇರಿಸಿದ್ದೀರಿ. ನಮ್ಮ ನಾಡಿನ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ, ಕೊಡಗಿನದ್ದು, ಬಿ. ಎಲ್. ರೈಸ್ 1886ರಲ್ಲಿ ತಂದದ್ದು. ಅದೇ ಸಂಪುಟದ ಪರಿಷ್ಕೃತ ಮುದ್ರಣ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ 1972ರಲ್ಲಿ ಬಂತು. ಹೆಸರು ಒಂದೇ, ಸಂಪುಟದ ಸಂಖ್ಯೆ ಒಂದೇ, ಪುಸ್ತಕ ಬೇರೆ. ನಿಮ್ಮ ಲೆಕ್ಕದಲ್ಲಿ ಈಗ ‘ರೈಸ್, 1972’ ಎಂಬ ಒಂದೇ ಪುಸ್ತಕ ಉಳಿದಿದೆ. ರೈಸ್ ತೀರಿಕೊಂಡಿದ್ದು 1927ರಲ್ಲಿ. ಶಾಸನದ ಕೆಲಸದಲ್ಲಿ ಯಾವ ಮುದ್ರಣದ ಪಾಠ ಎಂಬುದೇ ಮುಖ್ಯ, ಅದೇ ಹೋಯಿತು ಅಂದರೆ ಅಡಿಟಿಪ್ಪಣಿ ಯಾಕೆ ಬೇಕು?

ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಸಂಪಾದಕರ ಕಾಲಂಗೂ ಸಂಪುಟದ ಕಾಲಂಗೂ ‘ಸಂ.’ ಎಂದೇ ತಲೆಬರಹ ಕೊಟ್ಟಿದ್ದೆ. ಅವೆರಡು ಅದಲುಬದಲಾಗಿದ್ದಕ್ಕೆ ನನ್ನ ದೂರಿಲ್ಲ.

ನಿಮ್ಮ ಸಹಾಯವಾಣಿಗೆ ಮೂರು ಸಲ ಬರೆದೆ. ಮೂರು ಸಲವೂ ಒಂದೇ ಉತ್ತರ: ‘ಡೇಟಾ ಕ್ಲೀನ್ ಮಾಡಿ ಮತ್ತೆ ಪ್ರಯತ್ನಿಸಿ.’ ಮತ್ತೆ ಹೇಗೆ ಪ್ರಯತ್ನಿಸಲಿ? ಇದು ಗೊತ್ತಾಗುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ನಮೂದುಗಳಿಗೆ ಪಿಡಿಎಫ್, ಟಿಪ್ಪಣಿ ಎಲ್ಲ ಸೇರಿಸಿಬಿಟ್ಟಿದ್ದೆ. ಅಳಿಸಿದರೆ ಅದೂ ಹೋಗುತ್ತದೆ. ಇಂಪೋರ್ಟನ್ನು ರದ್ದು ಮಾಡುವ ಬಟನ್ ನಿಮ್ಮಲ್ಲಿ ಇಲ್ಲವೇ ಇಲ್ಲ. ‘ಆಗಲಿಲ್ಲ’ ಎಂದು ಮೊದಲೇ ಹೇಳಿದ್ದರೆ ಒಂದು ಸಂಜೆ ಹಾಳಾಗುತ್ತಿತ್ತು, ಅಷ್ಟೇ ಅಲ್ವಾ? ಸುಮ್ನೆ ಟಿಕ್ ತೋರಿಸಿದ್ದರಿಂದ ಒಂದು ಅಧ್ಯಾಯವೇ ಹಾಳಾಯಿತು.

ನನ್ನ ಟಿಪ್ಪಣಿಗಳು ಉಳಿಯುವಂತೆ ಆ 115 ನಮೂದುಗಳನ್ನು ಬಿಡಿಸಿ, ಹೆಸರು ಮತ್ತು ಪುಟಸಂಖ್ಯೆಗಳನ್ನು ಮೂಲ ಶೀಟಿನಂತೆ ಸರಿಮಾಡಿ ಕೊಡಿ. ಹದಿನೈದು ದಿನದೊಳಗೆ ಆಗದಿದ್ದರೆ ಚಂದಾ ಹಣ ಪೂರ್ತಿ ವಾಪಸ್ ಮಾಡಿ. ಪ್ರಬಂಧ ಸಲ್ಲಿಸೋಕೆ ಇನ್ನು ಎರಡೇ ತಿಂಗಳಿದೆ. ಸಿದ್ಧ ಉತ್ತರ ಕಳಿಸುವವರ ಬದಲು ಕನ್ನಡ ಓದಲು ಬರುವ ಒಬ್ಬರಿಗೆ ಈ ಪತ್ರ ಕೊಡಿ.

ಮೂಲ ಶೀಟ್, ಸಿಎಸ್‌ವಿ ಮತ್ತು ಆ ಹಸಿರು ಟಿಕ್ಕಿನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಚಂದಾದಾರಳು
ಮೈಸೂರು