ಹಳ್ಳಿಯಲ್ಲೇ ಕಲಿಯಲಿ ವೈದ್ಯ ವಿದ್ಯಾರ್ಥಿಗಳು

ಮಾನ್ಯರೇ,

ಗ್ರಾಮೀಣ ಸೇವೆಗೆ ಯುವ ವೈದ್ಯರು ಒಪ್ಪುವುದಿಲ್ಲ ಎಂದು ದೂರುವವರು, ಅವರನ್ನು ಅದಕ್ಕೆ ಸಿದ್ಧಗೊಳಿಸಿದ್ದು ಯಾವಾಗ ಎಂಬುದನ್ನು ಹೇಳುವುದಿಲ್ಲ. ವರ್ಷಗಟ್ಟಲೆ ಮಹಾನಗರದ ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗ್ ಯಂತ್ರ ಮತ್ತು ಹತ್ತಾರು ತಜ್ಞರ ನಡುವೆ ಕಲಿತವರನ್ನು ರಕ್ತಪರೀಕ್ಷೆಗೂ ಸೌಲಭ್ಯವಿಲ್ಲದ ಕಡೆ ಒಂಟಿಯಾಗಿ ಬಿಟ್ಟರೆ ಅವರು ಹೆದರದೆ ಇನ್ನೇನು ಮಾಡಿಯಾರು?

ಜಪಾನ್ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಗ್ರಾಮೀಣ ಸೇವೆಗೆ ವೈದ್ಯರನ್ನು ಸಿದ್ಧಗೊಳಿಸಲೆಂದೇ ತೆರೆಯಿತು. ಪ್ರತಿ ಪ್ರಾಂತ್ಯದಿಂದಲೂ ವಿದ್ಯಾರ್ಥಿಗಳನ್ನು ಆಯ್ದುಕೊಳ್ಳುತ್ತಾರೆ. ಪದವಿಯ ಬಳಿಕ ಸಾಮಾನ್ಯವಾಗಿ 9 ವರ್ಷ ತವರು ಪ್ರಾಂತ್ಯದಲ್ಲಿ ದುಡಿದರೆ ಶುಲ್ಕದ ಸಾಲ ಮನ್ನಾ. ಗ್ರಾಮೀಣ ಹಿನ್ನೆಲೆಯವರಿಗೆ ಪ್ರವೇಶ, ಓದುವಾಗಲೇ ಗ್ರಾಮೀಣ ತರಬೇತಿ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿಯೇ ಶಿಫಾರಸು ಮಾಡಿದೆ.

ಆ ತರಬೇತಿ ಒಂದು ದಿನದ ಶಿಬಿರವಾಗಬಾರದು (ಫೋಟೊ ತೆಗೆಸಿಕೊಳ್ಳಲು ಅಷ್ಟು ಸಾಕು, ಬಿಡಿ). ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಮಾತ್ರ, ಮಾತ್ರೆ ಬರೆಸಿಕೊಂಡು ಹೋದ ರೋಗಿ ಮತ್ತೇಕೆ ಬರಲಿಲ್ಲ ಎಂಬುದು ತಿಳಿಯುತ್ತದೆ: ಕೂಲಿ ತಪ್ಪಿಸುವಂತಿಲ್ಲ, ಬಸ್ಸಿಲ್ಲ, ಮಾತ್ರೆ ಕೊಳ್ಳಲು ಹಣವಿಲ್ಲ. ನರ್ಸಿಂಗ್, ಫಾರ್ಮಸಿ, ದಂತವೈದ್ಯಕೀಯ ವಿದ್ಯಾರ್ಥಿಗಳೂ ಜೊತೆಗೇ ಕಲಿಯಲಿ. ಅಲ್ಲಿ ಕಲಿಸುವ ಸ್ಥಳೀಯ ವೈದ್ಯರಿಗೆ ಬೋಧಕರ ಸ್ಥಾನ, ಸಂಭಾವನೆ ಕೊಡದೆ ಇದು ಯಾವುದೂ ನಡೆಯದು.

– ನಿವೃತ್ತ ಶುಶ್ರೂಷಕಿ