ಕೂತಲ್ಲೇ ವೆಬ್‌ಸೈಟ್ ನೋಡಿ ದುಡ್ಡು ಮಾಡಿ ಅನ್ನೋ ಜಾಹೀರಾತಿನ ಬಗ್ಗೆ

ಸಂಪಾದಕರೇ,

ಹೋದ ಭಾನುವಾರದ ಪೇಪರಲ್ಲಿ ಸೈಟ್ ಮಾರಾಟಕ್ಕಿದೆ, ಕೊಬ್ರಿ ಕೊಳ್ತೀವಿ ಅನ್ನೋ ಚಿಕ್ಕ ಜಾಹೀರಾತುಗಳ ಮಧ್ಯೆ "ಮನೇಲಿ ಕೂತು ವೆಬ್‌ಸೈಟ್ ನೋಡಿ, ದಿನಾ ಗಳಿಸಿ, ಐಡಿ ಫೀ ಮಾತ್ರ" ಅಂತ ಒಂದಿತ್ತು. ನಮ್ಮಮ್ಮ ಕತ್ತರಿಸಿಟ್ಟು, ನೀನು ಮಾಡ್ತಿದ್ದಿದ್ದು ಇದೇ ಅಲ್ವೇನೋ ಅಂದ್ರು. ಅಲ್ಲ ಅಂತ ಬಾಯಿಗೆ ಬಂತು, ಆದ್ರೆ ಪೂರ್ತಿ ಸುಳ್ಳೂ ಅಲ್ಲ ಅದು, ಅದಕ್ಕೇ ಬರೀತಿದೀನಿ.

ಹಾಸನದಲ್ಲಿ ಮೂರು ವರ್ಷ ಒಂದು ಸಣ್ಣ ಟ್ರಾಫಿಕ್ ಎಕ್ಸ್‌ಚೇಂಜ್, ಅಂದ್ರೆ ಒಬ್ರ ವೆಬ್‌ಸೈಟ್ ಇನ್ನೊಬ್ರು ನೋಡ್ಕೊಡೋ ವ್ಯವಸ್ಥೆ, ನಡೆಸಿದೀನಿ. ನಮ್ಮ ಕಡೆ ಮುಯ್ಯಾಳು ಅಂತಾರಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು, ಹಂಗೇ ಇದು. ಇನ್ನೊಬ್ರ ಎರಡು ಪೇಜ್ ತಲಾ 15 ಸೆಕೆಂಡ್ ನೋಡಿದ್ರೆ ನಿಮ್ಮ ಪೇಜನ್ನ ಒಬ್ರು ನೋಡ್ತಾರೆ, ಉಳಿದ ಅರ್ಧ ನಡೆಸೋನಿಗೆ, ಅದನ್ನ ಅವನು ಮಾರ್ಕೊಳ್ತಾನೆ. ಮೂಡಿಗೆರೆ ಕಡೆ ಹೋಂಸ್ಟೇ ಇಟ್ಟಿರೋರು, ಬ್ಲಾಗ್ ಬರೆಯೋ ಹುಡುಗ್ರು ಸೇರಿದ್ರು. ಬುಕಿಂಗ್ ಬಂತಾ ಅಂದ್ರೆ ಬರ್ಲಿಲ್ಲ, ಯಾಕಂದ್ರೆ ನೋಡೋನ ಕಣ್ಣು ಹೋಂಸ್ಟೇ ಮೇಲಲ್ಲ, ಮೇಲೆ ಓಡ್ತಿರೋ ಟೈಮರ್ ಮೇಲೆ. ಇನ್ನು ಜಾಹೀರಾತು ತೋರ್ಸಿದ್ದಕ್ಕೆ ದುಡ್ಡು ಕೊಡೋ ಗೂಗಲ್ ಆಡ್‌ಸೆನ್ಸನ್ನ ತಮ್ಮ ಸೈಟಲ್ಲಿ ಹಾಕ್ಕೊಂಡೋರು ಈ ಕಡೆ ತಲೆ ಹಾಕ್ಲೇಬಾರ್ದು, ಇಂಥ ಟ್ರಾಫಿಕ್ ತರೋದು ಅವ್ರ ರೂಲ್ಸಿಗೇ ವಿರುದ್ಧ, ಅಕೌಂಟೇ ಹೋಗ್ಬೋದು.

ಆದ್ರೆ ನಾನು ಹೇಳ್ಬೇಕಾಗಿರೋದು ಬೇರೆ. ಮೆಂಬರ್ ಒಬ್ಬ ತನ್ನ ಪೇಜ್ ಕೊಟ್ಟಾಗ ನಾನೇ ತೆಗೆದು ನೋಡಿ, ಗೂಗಲ್‌ನ ಸೇಫ್ ಬ್ರೌಸಿಂಗ್ ಅನ್ನೋ ಅಪಾಯದ ಸೈಟುಗಳ ಲಿಸ್ಟಲ್ಲಿ ಇಲ್ಲ ತಾನೇ ಅಂತ ಚೆಕ್ ಮಾಡಿ, ಆಮೇಲೆ ಅಪ್ರೂವ್ ಮಾಡ್ತಿದ್ದೆ. ಅಷ್ಟು ಸಾಕು ಅಂದ್ಕೊಂಡಿದ್ದೆ. ಕಾಫಿ ಚೀಲದ ಬಾಯಿ ಹತ್ರ ಬೀಜ ನೋಡಿ ರೇಟ್ ಕಟ್ಟಿದಂಗೆ ಅದು, ತಳದಲ್ಲಿ ಬೇರೆ ಇರ್ಬೋದು, ಅದ್ಕೇ ವ್ಯಾಪಾರಿಗಳು ಪಕ್ಕದಿಂದ ಸಳಾಕೆ ಚುಚ್ಚಿ ತಳದ್ದು ತೆಗೀತಾರೆ.

ಒಬ್ಬ ಕನ್ನಡದಲ್ಲಿ ಮನೆಮದ್ದಿನ ಪೇಜ್ ಕೊಟ್ಟಿದ್ದ, ಮೆಂತ್ಯ, ಜೀರಿಗೆ, ಏನೂ ತೊಂದ್ರೆ ಇಲ್ಲ. ಎರಡು ವಾರ ಆದ್ಮೇಲೆ ಬೇಲೂರಿನ ಒಬ್ರು ಮೆಂಬರ್ ಫೋನ್ ಮಾಡಿ, ನಿಮ್ಮಲ್ಲಿ ಬ್ಯಾಂಕಿಂದ ಕೆವೈಸಿ ಕೇಳ್ತಿದೆ ಅಂದ್ರು, ನಾನು ಕಂಪ್ಯೂಟರಲ್ಲಿ ತೆಗೆದ್ರೆ ಅದೇ ಮೆಂತ್ಯ, ಅದೇ ಜೀರಿಗೆ. ಹತ್ತು ನಿಮಿಷ ತಲೆ ಕೆರ್ಕೊಂಡು ಆಮೇಲೆ ಮೊಬೈಲಲ್ಲಿ ತೆಗೆದೆ, ಆಗ ಬಂತು ನೋಡಿ ಬ್ಯಾಂಕಿನ ಲೋಗೋ, ಕಾರ್ಡ್ ನಂಬರ್, ಸಿವಿವಿ, ಕೆಳಗೆ ಕೆಂಪಕ್ಷರದಲ್ಲಿ "ಇಂದೇ ಕೊನೆಯ ದಿನ". ಫೋನಿಂದ ಬಂದೋರಿಗೆ ಮಾತ್ರ ಆ ಪೇಜ್ ತೋರ್ಸೋ ಹಂಗೆ ಮಾಡಿಟ್ಟಿದ್ದ. ಆ ಅಮ್ಮ ಕಾರ್ಡ್ ನಂಬರ್ ತುಂಬಿ ಆಗಿತ್ತು, ಓಟಿಪಿ ಬರೋ ಹೊತ್ತಿಗೆ ಮಗ ಬಂದು ಫೋನ್ ಕಿತ್ಕೊಂಡಿದ್ದ. ಕಾರ್ಡ್ ಬ್ಲಾಕ್ ಮಾಡ್ಸಿದ್ವಿ, ದುಡ್ಡು ಹೋಗ್ಲಿಲ್ಲ. ನನ್ನ ನಿದ್ದೆ ಮಾತ್ರ ಆ ರಾತ್ರಿ ಹೋಯ್ತು.

ಆಮೇಲೆ ಹೊಳೀತು, ನಮ್ಮ ಎಕ್ಸ್‌ಚೇಂಜಲ್ಲಿ ಎಲ್ಲ ಪೇಜೂ ಒಂದು ಫ್ರೇಮ್ ಒಳಗೆ ತೆರೆಯುತ್ತೆ, ಮೇಲೆ ಟೈಮರ್, ಕೆಳಗೆ ಪೇಜ್. ನಿಜವಾದ ಬ್ಯಾಂಕಿನ ಲಾಗಿನ್ ಪೇಜ್ ಸಾಮಾನ್ಯವಾಗಿ ಬೇರೆಯವ್ರ ಫ್ರೇಮಲ್ಲಿ ತೆರೆಯೋಕೇ ಒಪ್ಪಲ್ಲ, ಅದಕ್ಕಂತಲೇ ಎಕ್ಸ್-ಫ್ರೇಮ್-ಆಪ್ಷನ್ಸ್ ಅನ್ನೋ ಹೆಡರ್, ಅಂದ್ರೆ ಬ್ರೌಸರಿಗೆ ಒಂದು ಸೂಚನೆ, ಹಾಕಿರ್ತಾರೆ. ಅಂದ್ರೆ ಟೈಮರ್ ಕೆಳಗೆ ಬ್ಯಾಂಕ್ ಕಾಣಿಸ್ತು ಅಂದ್ರೇನೇ ಅದು ನಕಲಿ ಅಂದ್ಕೊಳ್ಬೇಕು. ಅಡ್ರೆಸ್ ಪಕ್ಕ ಬೀಗದ ಗುರುತು ಇದೆ ಅಂತ ನಂಬೋ ಹಾಗೂ ಇಲ್ಲ, ಅದು ಕಳ್ಳನಿಗೂ ಪುಕ್ಕಟೆ ಸಿಗುತ್ತೆ. ಮಾರನೇ ದಿನದಿಂದ ಎಲ್ಲ ಪೇಜನ್ನೂ ಆರು ಗಂಟೆಗೊಂದ್ಸಲ, ಮೊಬೈಲ್ ವೇಷದಲ್ಲೂ ಕಂಪ್ಯೂಟರ್ ವೇಷದಲ್ಲೂ ಮತ್ತೆ ಚೆಕ್ ಮಾಡೋ ಸ್ಕ್ರಿಪ್ಟ್ ಬರೆದೆ, ಬದಲಾಗಿದ್ರೆ ತಾನಾಗೇ ನಿಲ್ಲುತ್ತೆ. ಪ್ರತಿ ಪೇಜ್ ಮೇಲೂ ದೂರಿನ ಬಟನ್ ಇಟ್ಟೆ, ಇಬ್ರು ಒತ್ತಿದ್ರೆ ಪೇಜ್ ಬಂದ್. ಮೆಂಬರುಗಳಲ್ಲಿ ಮೂರರಲ್ಲೊಂದು ಪಾಲು ಜನ ಕಿರಿಕಿರಿ ಅಂತ ಬಿಟ್ಟು ಹೋದ್ರು, ಕೊನೆಗೆ ಸರ್ವರ್ ಬಾಡಿಗೆನೂ ಹುಟ್ಟದೆ ಮುಚ್ಚಿದೆ, ಅದರ ಬಗ್ಗೆ ಬೇಜಾರಿಲ್ಲ.

ನಿಮ್ಮ ಜಾಹೀರಾತಿನಲ್ಲಿ ಇದಕ್ಕಿಂತ ಕೆಟ್ಟದ್ದಿದೆ, ಫೀ. ಪೇಜ್ ನೋಡೋದ್ರಿಂದ ದುಡ್ಡು ಹುಟ್ಟಲ್ಲ ಸಾರ್, ಹೊಸಬರ ಫೀನೇ ಹಳಬರ ಗಳಿಕೆ. ಅಮೆರಿಕದಲ್ಲಿ 12ಡೈಲಿಪ್ರೊ ಅಂತ ಒಂದಿತ್ತು, ಕಟ್ಟಿದ ದುಡ್ಡಿಗೆ ದಿನಕ್ಕೆ 12 ಪರ್ಸೆಂಟಿನಂತೆ 12 ದಿನ ಕೊಡ್ತೀವಿ, ನೀವು ಜಾಹೀರಾತು ಪೇಜ್ ನೋಡಿ ಸಾಕು ಅಂತಿದ್ರು, 2006ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಇದು ಪಾಂಜಿ ಸ್ಕೀಮ್ ಅಂತ ಕೇಸ್ ಹಾಕಿ ನಿಲ್ಲಿಸ್ತು. ಯಾರಾದ್ರೂ ಈಗಾಗ್ಲೇ ಕಟ್ಟಿ ಕಳ್ಕೊಂಡಿದ್ರೆ ನಾಚ್ಕೊಂಡು ಕೂರ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ಮಧ್ಯದಲ್ಲೇ ತಡೆಯೋ ಅವಕಾಶ ಜಾಸ್ತಿ, ಆಮೇಲೆ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದ್ರೆ ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆಗೆ ಹೋಗಿ.

ನೀವು ಇಂಥ ಜಾಹೀರಾತು ಹಾಕೋ ಮೊದ್ಲು ಒಂದ್ಸಲ ಆ ನಂಬರಿಗೆ ಫೋನ್ ಮಾಡಿ ನೋಡಿ. ನಾನು ಮಾಡಿದೆ. ಪೇಜ್ ಅಪ್ರೂವ್ ಆದ್ಮೇಲೆ ಮತ್ತೆ ಚೆಕ್ ಮಾಡೋದು ಯಾರು ಸಾರ್ ಅಂತ ಕೇಳಿದ್ದಕ್ಕೆ, "ನೀವು ಐಡಿ ತಗೊಳ್ತೀರಾ ಇಲ್ವಾ ಅಷ್ಟು ಹೇಳಿ" ಅಂದ್ರು.

ಇತಿ,
ಒಬ್ಬ ಓದುಗ, ಹಾಸನ